ಸಮಯ ಕೇಳುವ ಕಾಗದಗಳು: ಗಾಂಧಿ ಭೇಟಿಗಳ ಜಾಡು ಹಿಡಿದ ನನ್ನ ಅನುಭವ

ಗಾಂಧೀಜಿಯವರ ಸಮಗ್ರ ಬರಹಗಳ ಇಂಗ್ಲಿಷ್ ಸಂಪುಟಗಳು ಒಟ್ಟು ನೂರು. ಮೊದಲನೆಯದು 1958ರಲ್ಲಿ ಬಂತು, ನೂರನೆಯದು ಬರುವ ಹೊತ್ತಿಗೆ 1994. ಅವುಗಳಲ್ಲಿ ಓದುಗರು ನಿಲ್ಲದೆ ದಾಟಿಹೋಗುವ ಒಂದು ಜಾತಿಯ ಕಾಗದಗಳಿವೆ. ಯಾರನ್ನೋ ಕಾಣಲು ಸಮಯ ಕೇಳಿದವು, ಸಮಯ ಕೊಟ್ಟವು, ಮುಂದೂಡಿದವು, ಆಗುವುದಿಲ್ಲ ಎಂದವು. ಹೆಚ್ಚಿನವು ಎರಡು ಮೂರು ಸಾಲಿನವು. ತತ್ತ್ವವಿಲ್ಲ, ಗೋಡೆಯ ಮೇಲೆ ಬರೆಸುವಂಥ ಮಾತಿಲ್ಲ. ಇಂಥವನ್ನೇ ಹೆಕ್ಕಿ ತೆಗೆದು ಒಂದೊಂದು ಭೇಟಿಯೂ ಹೇಗೆ ಕುದುರಿತು, ಅಥವಾ ಹೇಗೆ ಮುರಿದುಬಿತ್ತು ಎಂದು ಮತ್ತೆ ಜೋಡಿಸುವುದು ಕೆಲವು ವರ್ಷಗಳಿಂದ ನನ್ನ ಬಿಡುವಿನ ಕೆಲಸ. ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತನಾದವನು ನಾನು. ಹೇಗೆ ಮಾಡುತ್ತೀರಿ ಎಂದು ಕೆಲವು ಕಿರಿಯರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಮಂಗಳೂರಿನ ಒಂದು ಕತೆಯಿಂದ. 1927ರ ಅಕ್ಟೋಬರ್ ಕೊನೆಯಲ್ಲಿ ಗಾಂಧೀಜಿ ಮಂಗಳೂರಿನಲ್ಲಿದ್ದರು. ಆ ವರ್ಷದ ಬೇಸಿಗೆಯಲ್ಲಿ ರಕ್ತದೊತ್ತಡ ಏರಿ ನಂದಿಬೆಟ್ಟದಲ್ಲೂ ಬೆಂಗಳೂರಿನ ಕುಮಾರ ಪಾರ್ಕಿನಲ್ಲೂ ತಿಂಗಳುಗಟ್ಟಲೆ ವಿಶ್ರಾಂತಿ ತೆಗೆದುಕೊಂಡು, ಆಮೇಲೆ ಖಾದಿ ಪ್ರವಾಸ ಹೊರಟಿದ್ದರು. ಮಂಗಳೂರಿನಲ್ಲಿರುವಾಗ ವೈಸರಾಯ್ ಇರ್ವಿನ್ ಅವರಿಂದ ದೆಹಲಿಗೆ ಬರಬೇಕೆಂಬ ಕರೆ ಬಂತು. ಮುಂದಿನ ಕಾರ್ಯಕ್ರಮ ಬಿಟ್ಟು ಸಾವಿರ ಮೈಲಿಗೂ ಹೆಚ್ಚು ದಾರಿ ಸವೆಸಿ ಹೋದರು. ಆಗ ಕೊಂಕಣ ರೈಲು ಎಲ್ಲಿಯದು! ನವೆಂಬರ್ ಮೊದಲ ವಾರ ವೈಸರಾಯರು ಅವರ ಕೈಗೆ ಒಂದು ಕಾಗದ ಕೊಟ್ಟರು. ಸೈಮನ್ ಆಯೋಗ ಬರಲಿದೆ ಎಂಬ ಸುದ್ದಿ ಅದರಲ್ಲಿತ್ತು. ಇಷ್ಟೇನಾ ಎಂದು ಗಾಂಧೀಜಿ ಕೇಳಿದರಂತೆ, ಇಷ್ಟೇ ಎಂದರಂತೆ. ಇದಕ್ಕೆ ಒಂದಾಣೆಯ ಲಕೋಟೆ ಸಾಕಾಗಿತ್ತಲ್ಲ ಎಂದು ಗಾಂಧೀಜಿಗೆ ಅನ್ನಿಸಿತೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ನವೆಂಬರ್ 8ಕ್ಕೆ ಆ ಸುದ್ದಿ ಎಲ್ಲರಿಗೂ ಗೊತ್ತಾಯಿತು.

ತರಗತಿಯಲ್ಲಿ ನಾನೂ ಇದನ್ನು ನಗೆಚಟಾಕಿಯಂತೆ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಕೇಳಿದಳು: ಕರೆದದ್ದು ಅವರು, ಹೋದದ್ದು ಇವರು, ಹಾಗಾದರೆ ಇದನ್ನು ಭೇಟಿ ಅನ್ನಬೇಕೋ ಹಾಜರಿ ಅನ್ನಬೇಕೋ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಭೇಟಿಯಲ್ಲಿ ಏನು ಮಾತಾಯಿತು ಎಂದು ಎಲ್ಲರೂ ಬರೆಯುತ್ತಾರೆ. ಭೇಟಿಗೆ ಮುಂಚೆ ಓಡಾಡಿದ ಕಾಗದಗಳನ್ನು ಜೋಡಿಸಿದರೆ ಒಳಗೆ ನಡೆಯಲಿರುವ ಮಾತಿನ ತೂಕ ಬಾಗಿಲಲ್ಲೇ ಗೊತ್ತಾಗುತ್ತದೆ ಎಂಬುದು ಆಮೇಲೆ ನನ್ನ ನಂಬಿಕೆಯಾಯಿತು.

ವಿಧಾನ ಸರಳ. ಒಂದು ಭೇಟಿಗೆ ಒಂದು ಹಾಳೆ. ಮೇಲೆ ದಿನಾಂಕ, ವಾರ, ಊರು. ಕೆಳಗೆ ಮೂರು ಕಲಮು: ಕೇಳಿದವರು ಯಾರು, ಉತ್ತರಕ್ಕೆ ಸಹಿ ಹಾಕಿದವರು ಯಾರು, ಕಡೆಗೆ ಎದ್ದು ಹೊರಟವರು ಯಾರು. ಮಾತುಕತೆಯ ಸಾರಾಂಶಕ್ಕೆ ನನ್ನ ಹಾಳೆಯಲ್ಲಿ ಜಾಗವೇ ಇಟ್ಟಿಲ್ಲ. ಅದಕ್ಕೆ ಬೇರೆ ಪುಸ್ತಕಗಳಿವೆ. ಮಂಗಳೂರಿನ ಹಾಳೆ ತುಂಬಿದಾಗ ಮೊದಲ ಕಲಮಿನಲ್ಲಿ ವೈಸರಾಯ್, ಮೂರನೆಯದರಲ್ಲಿ ಗಾಂಧೀಜಿ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಸಂಪುಟಗಳನ್ನು ಕೊಳ್ಳಬೇಕಾಗಿಲ್ಲ. ಸಾಬರಮತಿ ಆಶ್ರಮದವರು ನಡೆಸುವ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಪುಟಗಳ ಚಿತ್ರವೇ ಸಿಗುತ್ತದೆ. ಗುಜರಾತಿಯ 'ಅಕ್ಷರದೇಹ', ಹಿಂದಿಯ 'ವಾಙ್ಮಯ' ಕೂಡ ಅಲ್ಲೇ ಇವೆ. ಒಂದು ಎಚ್ಚರಿಕೆ: ನೂರು ಸಂಪುಟಗಳ ಮೂಲ ಆವೃತ್ತಿಗೂ ಆಮೇಲೆ ಸಿ.ಡಿ.ಯಲ್ಲಿ ಬಂದ ತೊಂಬತ್ತೆಂಟು ಸಂಪುಟಗಳ ಆವೃತ್ತಿಗೂ ಪುಟಸಂಖ್ಯೆ ತಾಳೆಯಾಗುವುದಿಲ್ಲ. ಆ ಪರಿಷ್ಕೃತ ಆವೃತ್ತಿಯ ಬಗ್ಗೆ ವಿದ್ವಾಂಸರು ದೊಡ್ಡ ತಕರಾರು ಎತ್ತಿ, 2005ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆದರೂ ಅಂತರ್ಜಾಲದಲ್ಲಿ ಅದರ ಪ್ರತಿಗಳು ಓಡಾಡುತ್ತಲೇ ಇವೆ. ಹಾಗಾಗಿ ಸಂಪುಟ, ಪುಟದ ಜೊತೆಗೆ ಯಾರಿಗೆ ಬರೆದದ್ದು, ಯಾವ ತಾರೀಖು ಎಂದು ಬರೆದಿಟ್ಟುಕೊಳ್ಳುವುದು ಕ್ಷೇಮ. ತಾರೀಖಿದ್ದರೆ ಯಾವ ಆವೃತ್ತಿಯಲ್ಲೂ ಕಾಗದ ಸಿಕ್ಕೇ ಸಿಗುತ್ತದೆ.

ನಾನು ಓದುವುದು ಹಿಂದಿನಿಂದ. ಪ್ರತಿ ಸಂಪುಟದ ಕೊನೆಯಲ್ಲಿ ಸಂಪಾದಕರು ದಿನವಾರು ಪಟ್ಟಿ ಕೊಟ್ಟಿದ್ದಾರೆ. ಇಂಥ ದಿನ ಇಂಥ ಊರಲ್ಲಿದ್ದರು, ಇಂಥವರನ್ನು ಕಂಡರು ಎಂದು. ಅದರಲ್ಲಿ ಒಂದು ಭೇಟಿಯನ್ನು ಹಿಡಿದು, ಅಲ್ಲಿಂದ ಹಿಂದಕ್ಕೆ ಒಂದೊಂದು ದಿನ ಸರಿಯುತ್ತ ಅದಕ್ಕೆ ಸಂಬಂಧಿಸಿದ ಕಾಗದಗಳನ್ನು ಹುಡುಕುತ್ತೇನೆ. ಆಮೇಲೆ ಅಡಿಟಿಪ್ಪಣಿ, ಅನುಬಂಧ. ಸಂಪುಟಗಳಲ್ಲಿ ಇರುವುದು ಗಾಂಧೀಜಿ ಬರೆದದ್ದು. ಅವರಿಗೆ ಬಂದದ್ದು ಸಿಗುವುದಿದ್ದರೆ ಅಡಿಟಿಪ್ಪಣಿಯಲ್ಲೋ ಅನುಬಂಧದಲ್ಲೋ ಚೂರುಪಾರು ಸಿಗಬೇಕು. ಸರ್ಕಾರದ ಕಡೆಯ ಕಾಗದಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ ಪಟಲ್' ತೆರೆದು ಗೃಹ ಇಲಾಖೆಯ ರಾಜಕೀಯ ಶಾಖೆಯ ಕಡತಗಳನ್ನು ನೋಡಬೇಕು. ಅಲ್ಲಿ ಅಧಿಕಾರಿಗಳು ಅಂಚಿನಲ್ಲಿ ಗೀಚಿದ ಟಿಪ್ಪಣಿಗಳನ್ನು ಓದುವುದೇ ಒಂದು ರುಚಿ.

ಪಂಚಾಂಗವೂ ಬೇಕು. ಗುಜರಾತಿ ಪತ್ರಗಳಿಗೆ ಗಾಂಧೀಜಿ ಎಷ್ಟೋ ಸಲ ತಿಥಿ ಮಾತ್ರ ಹಾಕುತ್ತಿದ್ದರು. ನಮಗೆ ಅದು ಸಲೀಸು. ಗುಜರಾತಿಗಳದ್ದೂ ನಮ್ಮಂತೆ ಅಮಾವಾಸ್ಯೆಗೆ ಮುಗಿಯುವ ತಿಂಗಳು. ಹಿಂದಿ ಸೀಮೆಯ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅಲ್ಲಿಯ ಕಾಗದಗಳಲ್ಲಿ ಕೃಷ್ಣಪಕ್ಷಕ್ಕೆ ಮುಂದಿನ ತಿಂಗಳ ಹೆಸರಿರುತ್ತದೆ. ಸಂಪಾದಕರು ಇದನ್ನೆಲ್ಲ ಇಂಗ್ಲಿಷ್ ತಾರೀಖಿಗೆ ತಂದಿದ್ದಾರೆ. ಆದರೂ ಒಮ್ಮೆ ನಾವೇ ತಾಳೆ ನೋಡಿಕೊಂಡರೆ ಮನಸ್ಸಿಗೆ ನೆಮ್ಮದಿ.

ಈ ಕೆಲಸ ಕಲಿಯಬೇಕೆಂದು ಬಂದವರಿಗೆ ನಾನು ಮೊದಲು ಓದಲು ಹೇಳುವುದು 1906ರ ಲಂಡನ್ ಕಾಗದಗಳನ್ನು. ಆಗ ಗಾಂಧೀಜಿ ಮಹಾತ್ಮರಲ್ಲ. ದಕ್ಷಿಣ ಆಫ್ರಿಕದಲ್ಲಿದ್ದ ಮೂವತ್ತೇಳು ವಯಸ್ಸಿನ ವಕೀಲ. ಅಲ್ಲಿಯ ಟ್ರಾನ್ಸ್‌ವಾಲ್ ಸರ್ಕಾರ ಏಷ್ಯನ್ನರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಸುಗ್ರೀವಾಜ್ಞೆ ತಂದಿತ್ತು. ಅದಕ್ಕೆ ರಾಜಮುದ್ರೆ ಬೀಳದಂತೆ ತಡೆಯಲು ಗಾಂಧೀಜಿ ಮತ್ತು ಎಚ್. ಒ. ಆಲಿ ಅಕ್ಟೋಬರ್ 20ಕ್ಕೆ ಇಂಗ್ಲೆಂಡ್ ತಲುಪಿದರು. ಸ್ಟ್ರ್ಯಾಂಡ್ ರಸ್ತೆಯ ಹೋಟೆಲ್ ಸೆಸಿಲ್‌ನಲ್ಲಿ ಬಿಡಾರ. ಕಾಣಬೇಕಾಗಿದ್ದದ್ದು ವಸಾಹತು ಸಚಿವ ಲಾರ್ಡ್ ಎಲ್ಜಿನ್ ಅವರನ್ನು. 1894ರಿಂದ 1899ರವರೆಗೆ ಭಾರತದ ವೈಸರಾಯ್ ಆಗಿದ್ದವರೇ.

ಎಲ್ಜಿನ್ ಅವರ ಖಾಸಗಿ ಕಾರ್ಯದರ್ಶಿಗೆ ಒಂದು ಕಾಗದ ಬರೆದರೆ ಸಾಲದೇ ಎಂದು ನಮಗನ್ನಿಸಬಹುದು. ಸಾಲದು. ದಕ್ಷಿಣ ಆಫ್ರಿಕದಿಂದ ಬಂದ ಇಬ್ಬರು ಅಪರಿಚಿತರು ಬಾಗಿಲು ತಟ್ಟಿದರೆ ಆಗುವುದು ಬೇರೆ, ಲಂಡನ್ನಿನಲ್ಲಿ ಹೆಸರಿದ್ದವರ ನಿಯೋಗ ಹೋದರೆ ಆಗುವುದು ಬೇರೆ. ಹಾಗಾಗಿ ಒಬ್ಬ ಸಚಿವರನ್ನು ಕಾಣಲು ಮೊದಲು ಒಂದು ಗುಂಪನ್ನೇ ಕಾಣಬೇಕಾಯಿತು. ಎಂಬತ್ತೊಂದರ ದಾದಾಭಾಯಿ ನವರೋಜಿ, ಸರ್ ಮಂಚರ್ಜಿ ಭಾವನಗರಿ, ಸರ್ ಹೆನ್ರಿ ಕಾಟನ್, ಅಮೀರ್ ಅಲಿ, ಲಾರ್ಡ್ ಸ್ಟ್ಯಾನ್ಲಿ ಇವರಿಗೆಲ್ಲ ಬೇರೆಬೇರೆ ಕಾಗದ. ನಿಯೋಗದ ಮುಖಂಡರಾಗಿ ಹಿಡಿದದ್ದು ಸರ್ ಲೆಪೆಲ್ ಗ್ರಿಫಿನ್ ಅವರನ್ನು. ಪಂಜಾಬಿನಲ್ಲಿ ಅಧಿಕಾರಿಯಾಗಿದ್ದ, ಕಾಂಗ್ರೆಸ್ಸಿನ ಬಗ್ಗೆ ಒಲವಿಲ್ಲದ ಮನುಷ್ಯ. ಈ ಆಯ್ಕೆ ನನಗೆ ಬಹಳ ಹಿಡಿಸುತ್ತದೆ. ನಮ್ಮವರೇ ನಮ್ಮ ಪರ ಮಾತಾಡಿದರೆ ಸಚಿವರು ತಲೆಯಾಡಿಸಿ ಕಳಿಸುತ್ತಾರೆ. ಸಾಮ್ರಾಜ್ಯದ ಹಳೆಯ ನೌಕರನೇ ಮುಂದೆ ನಿಂತು ಇದು ಅನ್ಯಾಯ ಎಂದರೆ ಅವರು ಕೂತು ಕೇಳಬೇಕಾಗುತ್ತದೆ.

ಈ ನಡುವೆ ಆಲಿಯವರಿಗೆ ಕಾಯಿಲೆ. ಬ್ರಾಮ್ಲಿಯ ಲೇಡಿ ಮಾರ್ಗರೆಟ್ ಆಸ್ಪತ್ರೆಗೆ ಸೇರಿಸಿದರು, ಗಾಂಧೀಜಿಯ ಹಳೆಯ ಸಸ್ಯಾಹಾರಿ ಗೆಳೆಯ ಡಾ. ಓಲ್ಡ್‌ಫೀಲ್ಡ್ ನೋಡಿಕೊಳ್ಳುತ್ತಿದ್ದ ಜಾಗ ಅದು. ಇತ್ತ ಲಾರ್ಡುಗಳಿಗೆ ಕಾಗದ, ಅತ್ತ ಆಲಿಯವರಿಗೆ ಇವತ್ತು ಯಾರು ಒಪ್ಪಿದರು, ಯಾರು ಇಲ್ಲವೆಂದರು ಎಂಬ ವರದಿ. ಭೇಟಿಗಳು ಕುದುರಿದ ಬಗೆಯನ್ನು ಜೋಡಿಸಲು ನನಗೆ ಎಲ್ಲಕ್ಕಿಂತ ಒದಗಿದ್ದು ಆಸ್ಪತ್ರೆಗೆ ಹೋದ ಈ ಕಾಗದಗಳು. ಸಚಿವರಿಗೆ ಬರೆದದ್ದರಲ್ಲಿ ಮರ್ಯಾದೆಯ ಮಾತು ಮಾತ್ರ ಇರುತ್ತದೆ. ಜೊತೆಗಾರನಿಗೆ ಬರೆದದ್ದರಲ್ಲಿ ಓಡಾಟದ ಲೆಕ್ಕ ಇರುತ್ತದೆ.

ಆ ಕಾಗದಗಳ ಕೆಳಗೆ ಸಂಪಾದಕರು ಮೂಲ ಸೂಚಿಸುವಾಗ ಮತ್ತೆ ಮತ್ತೆ 'ಟೈಪ್ ಮಾಡಿದ ಕಚೇರಿ ಪ್ರತಿ' ಎಂದು ಹಾಕಿ ಎಸ್. ಎನ್. ಎಂಬ ಸಾಬರಮತಿ ಸಂಗ್ರಹದ ಸಂಖ್ಯೆ ಕೊಡುತ್ತಾರೆ. ಈ ಒಂದು ಸಾಲನ್ನು ದಾಟಿಹೋಗಬೇಡಿ. ಹೋಟೆಲಿನ ಕೋಣೆಯಲ್ಲಿ ಕೂತು ಸಮಯ ಕೇಳುವ ಚಿಕ್ಕ ಕಾಗದಕ್ಕೂ ನಕಲು ಇಟ್ಟುಕೊಂಡು, ಅದನ್ನು ಸಮುದ್ರ ದಾಟಿಸಿ ಆಫ್ರಿಕಕ್ಕೂ, ಮುಂದೆ ಭಾರತಕ್ಕೂ ತಂದದ್ದರಿಂದಲೇ ಇವತ್ತು ನಾವು ಓದುತ್ತಿರುವುದು. ಸಿಮಂಡ್ಸ್ ಎಂಬ ಇಂಗ್ಲಿಷ್ ಗೆಳೆಯ ಕಾಸು ಪಡೆಯದೆ ನಡುರಾತ್ರಿ ಕಳೆದರೂ ಟೈಪ್ ಮಾಡಿಕೊಟ್ಟು, ಅಂಚೆಚೀಟಿ ಹಚ್ಚಿಕೊಟ್ಟದ್ದನ್ನು ಗಾಂಧೀಜಿ ಮುಂದೆ ಕೃತಜ್ಞತೆಯಿಂದ ನೆನೆದಿದ್ದಾರೆ.

ನವೆಂಬರ್ 8, ಗುರುವಾರ, ಮಧ್ಯಾಹ್ನ ಮೂರಕ್ಕೆ ಎಲ್ಜಿನ್ ಭೇಟಿಯಾಯಿತು. 22ರಂದು ಭಾರತ ಸಚಿವ ಮಾರ್ಲಿ. 28ರಂದು ವಸಾಹತು ಖಾತೆಯ ಉಪಸಚಿವ, ಮೂವತ್ತೊಂದು ವಯಸ್ಸಿನ ವಿನ್‌ಸ್ಟನ್ ಚರ್ಚಿಲ್. ಬೋಯರ್ ಯುದ್ಧದಿಂದ ನೀವು ಮರಳಿದಾಗ ಡರ್ಬನ್ ಬಂದರಿನಲ್ಲಿ ಸ್ವಾಗತಿಸಿದವರಲ್ಲಿ ನಾನೂ ಇದ್ದೆ ಎಂದು ಆಲಿ ನೆನಪಿಸಿದರು. ಚರ್ಚಿಲ್ ನಕ್ಕು ಅವರ ಬೆನ್ನು ತಟ್ಟಿ ಕೈಲಾದದ್ದು ಮಾಡುತ್ತೇನೆ ಎಂದರು. ಚರ್ಚಿಲ್ ಮತ್ತು ಗಾಂಧಿ ಜೀವನದಲ್ಲಿ ಮುಖಾಮುಖಿಯಾದದ್ದು ಅದೊಂದೇ ಸಲ. ವಾಪಸು ಹೊರಟ ಹಡಗು ಮಡೀರಾ ಮುಟ್ಟಿದಾಗ ಸುಗ್ರೀವಾಜ್ಞೆಗೆ ಒಪ್ಪಿಗೆ ಸಿಕ್ಕಿಲ್ಲವೆಂಬ ತಂತಿ ಸಿಕ್ಕಿತು. ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. ಟ್ರಾನ್ಸ್‌ವಾಲ್‌ಗೆ ಸ್ವಂತ ಆಡಳಿತ ಸಿಕ್ಕ ಕೂಡಲೇ, 1907ರಲ್ಲಿ, ಅದೇ ಕಾನೂನು ಬೇರೆ ಬಾಗಿಲಿನಿಂದ ಬಂತು.

ಇನ್ನು ಎರಡನೆಯ ಕಲಮು, ಸಹಿಯದು. ದೊಡ್ಡವರಿಗೆ ಬರೆದ ಕಾಗದಕ್ಕೆ ಉತ್ತರ ಬಂದಾಗ ನಾನು ಮೊದಲು ನೋಡುವುದು ಕೆಳಗಿನ ಹೆಸರನ್ನು. 1930ರ ಮಾರ್ಚ್ 2ರ ಕಾಗದವನ್ನೇ ತೆಗೆದುಕೊಳ್ಳಿ. ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ಗಾಂಧೀಜಿ ಇರ್ವಿನ್‌ರಿಗೆ 'ಪ್ರಿಯ ಮಿತ್ರ' ಎಂದು ಶುರುಮಾಡಿ ಬರೆದದ್ದು, ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಯುವಕನ ಕೈಯಲ್ಲಿ ಕಳಿಸಿದ್ದು. ಕಾನೂನುಭಂಗದ ಎಚ್ಚರಿಕೆಯೆಂದೇ ನಾವು ಅದನ್ನು ಓದುತ್ತೇವೆ. ಕೊನೆಗೆ ಬಂದರೆ ಅಲ್ಲೊಂದು ಬಾಗಿಲು ತೆರೆದಿದೆ: ನನ್ನೊಂದಿಗೆ ಚರ್ಚಿಸುವ ಮನಸ್ಸಿದ್ದು, ಅದಕ್ಕಾಗಿ ಈ ಪತ್ರದ ಪ್ರಕಟಣೆ ತಡೆಯಬೇಕೆಂದರೆ ಒಂದು ತಂತಿ ಕೊಡಿ, ಸಂತೋಷದಿಂದ ತಡೆಯುತ್ತೇನೆ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇದು ಸಮಯ ಕೇಳುವ ಕಾಗದವೇ. ಉತ್ತರ ಬಂತು, ಸಹಿ ಖಾಸಗಿ ಕಾರ್ಯದರ್ಶಿ ಕನಿಂಗ್‌ಹ್ಯಾಮ್ ಅವರದ್ದು. ಕಾನೂನು ಮುರಿಯುವ ದಾರಿ ಹಿಡಿಯುತ್ತಿರುವುದಕ್ಕೆ ವೈಸರಾಯರಿಗೆ ವಿಷಾದವಿದೆ, ಅಷ್ಟೇ. ಮೊಣಕಾಲೂರಿ ರೊಟ್ಟಿ ಕೇಳಿದೆ, ಕಲ್ಲು ಸಿಕ್ಕಿತು ಎಂದರು ಗಾಂಧೀಜಿ. ಮಾರ್ಚ್ 12ಕ್ಕೆ ನಡೆದೇಬಿಟ್ಟರು.

ಒಂದು ವರ್ಷದಲ್ಲಿ ಅದೇ ಇಬ್ಬರ ನಡುವೆ ಕಾಗದದ ಧಾಟಿ ಬದಲಾಯಿತು. 1931ರ ಫೆಬ್ರವರಿ 14, ಅಲಹಾಬಾದು. ಮೋತಿಲಾಲ್ ನೆಹರೂ ತೀರಿಕೊಂಡು ಒಂದು ವಾರವಷ್ಟೇ ಕಳೆದಿತ್ತು. ದುಂಡುಮೇಜಿನ ಪರಿಷತ್ತಿನಿಂದ ಮರಳಿದ ಸಪ್ರು, ಜಯಕರ್, ಶ್ರೀನಿವಾಸ ಶಾಸ್ತ್ರಿಗಳು ನೀವೇ ಬರೆಯಿರಿ ಎಂದು ಒತ್ತಾಯಿಸಿದ್ದರು. ಗಾಂಧೀಜಿ ಬರೆದರು: ಕಾಣಬೇಕೆಂದಿರುವುದು ಭಾರತದ ವೈಸರಾಯರನ್ನು ಅನ್ನುವುದಕ್ಕಿಂತ ನಿಮ್ಮೊಳಗಿನ ಮನುಷ್ಯನನ್ನು. ಒಪ್ಪಿಗೆ ತಡವಾಗಲಿಲ್ಲ. 17ರ ಮಧ್ಯಾಹ್ನ ಎರಡೂವರೆಗೆ ಮೊದಲ ಭೇಟಿ, ಆಗಷ್ಟೇ ಉದ್ಘಾಟನೆಯಾದ ಹೊಸ ದೆಹಲಿಯಲ್ಲಿ. ಗಾಂಧೀಜಿ ಉಳಿದದ್ದು ದರಿಯಾಗಂಜಿನಲ್ಲಿ ಡಾ. ಅನ್ಸಾರಿಯವರ ಮನೆಯಲ್ಲಿ. ಅಲ್ಲಿಂದ ವೈಸರಾಯ್ ಭವನಕ್ಕೆ ಹೋಗಿ ಬರುವುದು ಮಾರ್ಚ್ 5ರ ಒಪ್ಪಂದದವರೆಗೂ ನಡೆಯಿತು. ಅರೆಬೆತ್ತಲೆಯಾಗಿ ವೈಸರಾಯರ ಮೆಟ್ಟಿಲೇರಿ ಸಮಾನನಂತೆ ಮಾತಾಡುತ್ತಾನಲ್ಲ ಎಂದು ಚರ್ಚಿಲ್ ಸಿಡುಕಿದ್ದು ಈ ಭೇಟಿಗಳನ್ನು ಕುರಿತೇ. ಬೆನ್ನು ತಟ್ಟಿದ್ದ ಅದೇ ಚರ್ಚಿಲ್. ಅವರ ಸಿಟ್ಟನ್ನೂ ನಾನು ಒಂದು ಆಧಾರವೆಂದೇ ಇಟ್ಟುಕೊಂಡಿದ್ದೇನೆ. ಮೆಟ್ಟಿಲು ಹತ್ತಿದ್ದು ಗಾಂಧೀಜಿಯಾದರೂ ಈ ಸಲ ಅದು ಹಾಜರಿಯಾಗಿರಲಿಲ್ಲ ಎಂಬುದು ಚರ್ಚಿಲ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗಿತ್ತು. ಮೂರನೆಯ ಕಲಮನ್ನು ಮಾತ್ರ ನೋಡಿ ತೀರ್ಪು ಹೇಳಬಾರದು ಎಂಬುದಕ್ಕೆ ಈ ಹಾಳೆ ಉದಾಹರಣೆ.

ಇರ್ವಿನ್ ಜಾಗಕ್ಕೆ ವಿಲ್ಲಿಂಗ್ಡನ್ ವೈಸರಾಯರಾಗಿ ಬಂದ ಮೇಲೆ ಬಾಗಿಲು ಮತ್ತೆ ಮುಚ್ಚಿತು. 1931ರ ಡಿಸೆಂಬರ್ 28ರಂದು ಗಾಂಧೀಜಿ ಲಂಡನ್ನಿನಿಂದ ಬಂದು ಮುಂಬಯಿಯಲ್ಲಿ ಇಳಿದಾಗ ಅಬ್ದುಲ್ ಗಫಾರ್ ಖಾನ್, ಜವಾಹರಲಾಲ್ ಇಬ್ಬರೂ ಬಂಧನದಲ್ಲಿದ್ದರು. 29ಕ್ಕೆ ವೈಸರಾಯರಿಗೆ ತಂತಿ: ಇದರರ್ಥ ನಮ್ಮ ಸ್ನೇಹ ಮುಗಿಯಿತೆಂದೋ, ಇನ್ನೂ ನಾನು ಬಂದು ಕಾಣಬೇಕೆಂದೋ? 31ಕ್ಕೆ ಖಾಸಗಿ ಕಾರ್ಯದರ್ಶಿಯ ಉತ್ತರ: ಕಾಣಬಹುದು, ಆದರೆ ಬಂಗಾಳ, ಸಂಯುಕ್ತ ಪ್ರಾಂತ, ವಾಯವ್ಯ ಗಡಿ ಪ್ರಾಂತದಲ್ಲಿ ಸರ್ಕಾರ ಕೈಗೊಂಡ ಕ್ರಮಗಳನ್ನು ಚರ್ಚಿಸುವಂತಿಲ್ಲ. ಯಾವುದನ್ನು ಮಾತಾಡಬೇಕೋ ಅದನ್ನೇ ಹೊರಗಿಟ್ಟು ಕೊಟ್ಟ ಸಮಯ! ಜನವರಿ 1ಕ್ಕೆ ಗಾಂಧೀಜಿಯ ಮರುತಂತಿ, 2ಕ್ಕೆ ನಿರಾಕರಣೆ, 4ರ ನಸುಕಿನಲ್ಲಿ ಮುಂಬಯಿಯಲ್ಲಿ ಅವರು ಉಳಿದುಕೊಳ್ಳುತ್ತಿದ್ದ ಮನೆ ಮಣಿಭವನದಲ್ಲಿ ಬಂಧನ. 1827ರ ಒಂದು ಹಳೆಯ ರೆಗ್ಯುಲೇಷನ್ ಹುಡುಕಿ ತೆಗೆದು ಹಿಡಿದರು. ಒಂದು ವಾರದ ಈ ತಂತಿಗಳನ್ನು ಸಾಲಾಗಿ ಇಟ್ಟು ಓದಿದರೆ ಇಬ್ಬರೂ ಬರೆಯುತ್ತಿರುವುದು ಪರಸ್ಪರರಿಗೆ ಅಲ್ಲವೆಂದು ಕಾಣುತ್ತದೆ. ನಾಳೆ ಪತ್ರಿಕೆಯಲ್ಲಿ ಓದುವವರಿಗೆ ಬರೆಯುತ್ತಿದ್ದಾರೆ. 1933ರ ಜುಲೈ 15ರಂದು ಪುಣೆಯಿಂದ ಮತ್ತೆ ಕೇಳಿದರು. ಶಾಂತಿಯ ಸಾಧ್ಯತೆ ಹುಡುಕಲು ಭೇಟಿ ಕೊಡುವಿರಾ, ತಂತಿ ಕೊಡಿ, ಇಷ್ಟೇ. ಆಗಲೂ ಇಲ್ಲ. ನಿರಾಕರಣೆಗೆ ನನ್ನ ಬಳಿ ಪ್ರತ್ಯೇಕ ಕಟ್ಟು ಇದೆ, ಭೇಟಿಗಳ ಕಟ್ಟಿಗಿಂತ ಅದನ್ನೇ ನಾನು ಹೆಚ್ಚು ಸಲ ಬಿಚ್ಚಿದ್ದೇನೆ.

ಗಾಂಧೀಜಿ ಕೇಳಿದ್ದು ವೈಸರಾಯರನ್ನು ಮಾತ್ರವಲ್ಲ. 1931ರ ಆಗಸ್ಟ್ 6ರಂದು ಮುಂಬಯಿಯಿಂದ ಡಾ. ಅಂಬೇಡ್ಕರರಿಗೆ ಒಂದು ಚಿಕ್ಕ ಕಾಗದ ಹೋಯಿತು. ಇವತ್ತು ರಾತ್ರಿ ಎಂಟಕ್ಕೆ ಸಮಯವಾಗುತ್ತದೆಯೇ, ನಿಮಗೆ ಬರಲು ಅನನುಕೂಲವಾದರೆ ನಾನೇ ನಿಮ್ಮಲ್ಲಿಗೆ ಬರುತ್ತೇನೆ ಎಂದು. ಅಂಬೇಡ್ಕರ್ ಸಾಂಗ್ಲಿಯಿಂದ ಆಗಷ್ಟೇ ಬಂದಿದ್ದರು, ಮೈ ಬಿಸಿಯಿತ್ತು. ನಾನೇ ಬರುತ್ತೇನೆ ಎಂದು ಉತ್ತರಿಸಿದರು. ಸಂಜೆಯ ಹೊತ್ತಿಗೆ ಜ್ವರ ವಿಪರೀತ ಏರಿ ಭೇಟಿ ಮುಂದೆ ಹೋಯಿತು. ಕಡೆಗೆ 14ರ ಮಧ್ಯಾಹ್ನ ಎರಡಕ್ಕೆ ಮಣಿಭವನದಲ್ಲಿ ಕೂತರು. ನನಗೊಂದು ತಾಯ್ನಾಡಿಲ್ಲ ಎಂದು ಅಂಬೇಡ್ಕರ್ ಹೇಳಿದ್ದು ಅಂದೇ. ಆ ಮಾತು ಎಲ್ಲ ಪುಸ್ತಕಗಳಲ್ಲೂ ಇದೆ. ಅದಕ್ಕೆ ಎಂಟು ದಿನ ಮುಂಚೆ, ಜ್ವರದಲ್ಲಿದ್ದರೂ, ನೀವು ಬರುವುದು ಬೇಡ ನಾನೇ ಬರುತ್ತೇನೆ ಎಂದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಸೌಜನ್ಯ ಎರಡೂ ಕಡೆ ಇತ್ತು, ಜಗಳ ಎಲ್ಲಿಯದೆಂದು ಆಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಭೇಟಿ ಕೊಡುವವರಾಗಿ ಗಾಂಧೀಜಿ ಹೇಗಿದ್ದರು ಎಂಬುದಕ್ಕೆ ವಾರ್ಧಾ ಕಡೆಯ ಕಾಗದಗಳು. 1936ರಲ್ಲಿ ಅವರು ಹೋಗಿ ನೆಲೆಸಿದ ಹಳ್ಳಿಯ ಹೆಸರು ಸೇಗಾಂವ್. ರೈಲು ದಾರಿಯಲ್ಲಿ ಶೇಗಾಂವ್ ಎಂಬ ಇನ್ನೊಂದು ಊರಿತ್ತು, ಅಂಚೆಯವರು ಎರಡನ್ನೂ ಕಲಸಿ ಕಾಗದಗಳು ಅತ್ತ ಹೋಗತೊಡಗಿದವು. ಈ ಗೊಂದಲ ತಪ್ಪಿಸಲು 1940ರಲ್ಲಿ ಊರಿಗೆ ಸೇವಾಗ್ರಾಮ ಎಂದು ಹೆಸರಾಯಿತು. ಕೇಳಿದವರಿಗೆ ಸಮಯ ಹೊಂದಿಸುತ್ತಿದ್ದದ್ದು ಹೆಚ್ಚಾಗಿ ಮಹಾದೇವ ದೇಸಾಯಿ, ಪ್ಯಾರೇಲಾಲ್, ರಾಜಕುಮಾರಿ ಅಮೃತ್ ಕೌರ್. ಮಹಾದೇವಭಾಯಿ 1917ರಿಂದ 1942ರ ಆಗಸ್ಟ್ 15ರಂದು ಆಗಾಖಾನ್ ಅರಮನೆಯ ಬಂಧನದಲ್ಲಿ ಕಣ್ಣುಮುಚ್ಚುವವರೆಗೂ ಈ ಕೆಲಸ ಮಾಡಿದರು. ಅವರು ಬರೆದ ಉತ್ತರಗಳು ಗಾಂಧೀಜಿಯ ಸಂಪುಟಗಳಲ್ಲಿ ಇರಬೇಕೆಂದಿಲ್ಲ. ಕಾಗದ ಸಿಗಲಿಲ್ಲವೆಂದರೆ ಉತ್ತರವೇ ಹೋಗಿಲ್ಲ ಎಂದು ತೀರ್ಮಾನಿಸಬೇಡಿ, ಕಾರ್ಯದರ್ಶಿಯ ದಿನಚರಿ ನೋಡಿ. ಇವತ್ತಿನ ಮಂತ್ರಿಗಳ ಪಿ.ಎ.ಗಳ ಬಗ್ಗೆ ಬರೆಯುವವರು ಯಾರಾದರೂ ಮುಂದೆ ಬಂದರೆ ಅವರಿಗೆ ದಿನಚರಿಯೂ ಸಿಗಲಾರದು, ಫೋನ್ ಎತ್ತದೇ ಇದ್ದದ್ದಕ್ಕೆ ದಾಖಲೆಯೂ ಇರುವುದಿಲ್ಲ.

ಸೋಮವಾರ ಮೌನದ ದಿನ. ಹಾಳೆಯ ಮೇಲೆ ವಾರ ಬರೆಯಲೇಬೇಕು ಎನ್ನುವುದು ಇದಕ್ಕೇ. ಸೋಮವಾರದ ಭೇಟಿಯಾದರೆ ಅವರ ಮಾತು ಚೀಟಿಯಲ್ಲಿರುತ್ತದೆ, ಅದೃಷ್ಟವಿದ್ದರೆ ಚೀಟಿ ಉಳಿದಿರುತ್ತದೆ. 1947ರ ಜೂನ್ 2 ಸೋಮವಾರ. ವಿಭಜನೆಯ ಯೋಜನೆ ಮುಂದಿಟ್ಟುಕೊಂಡು ಮೌಂಟ್‌ಬ್ಯಾಟನ್ ಆತಂಕದಿಂದ ಕಾಯುತ್ತಿದ್ದರೆ ಗಾಂಧೀಜಿ ಬಂದು ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಬರೆದುಕೊಟ್ಟರು: ಮಾತಾಡಲಾರೆ, ಕ್ಷಮಿಸಿ. ಮೌನದ ನಿಯಮಕ್ಕೆ ಎರಡು ವಿನಾಯಿತಿ ಇಟ್ಟುಕೊಂಡಿದ್ದೇನೆ, ದೊಡ್ಡ ಅಧಿಕಾರಿಗಳೊಂದಿಗೆ ತುರ್ತು ವಿಷಯ ಮತ್ತು ರೋಗಿಗಳ ಶುಶ್ರೂಷೆ. ಆದರೆ ನಾನು ಮೌನ ಮುರಿಯುವುದು ನಿಮಗೆ ಬೇಡವೆಂದು ಗೊತ್ತು. ಈ ಕೊನೆಯ ಸಾಲಿನ ಚೂಪನ್ನು ಗಮನಿಸಿ. ಮೌಂಟ್‌ಬ್ಯಾಟನ್ ಆ ಲಕೋಟೆಗಳನ್ನು ಜೋಪಾನ ಮಾಡಿದರು. ಅದೇ ವರ್ಷ ಮಾರ್ಚಿನಲ್ಲಿ ಬಿಹಾರದ ಗಲಭೆಯ ಊರುಗಳಲ್ಲಿದ್ದ ಗಾಂಧೀಜಿಯನ್ನು ಕರೆಸಲು ಅವರು ತಮ್ಮ ವಿಮಾನವನ್ನೇ ಕಳಿಸುತ್ತೇನೆ ಎಂದಿದ್ದರು. ಗಾಂಧೀಜಿ ಮೂರನೆಯ ದರ್ಜೆಯ ರೈಲಿನಲ್ಲೇ ಬಂದರು. ಮೂರನೆಯ ಕಲಮಿನಲ್ಲಿ ಹೋದವರ ಹೆಸರಿನ ಜೊತೆಗೆ ಯಾವುದರಲ್ಲಿ ಹೋದರು ಎಂದೂ ನಾನು ಬರೆಯಲು ಶುರುಮಾಡಿದ್ದು ಇದಾದ ಮೇಲೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು 1944ರ ಜುಲೈ 17. ಪಂಚಗಣಿಯ ದಿಲ್‌ಖುಷ್ ಎಂಬ ಮನೆಯಿಂದ ಅಂದು ಎರಡು ಕಾಗದ ಹೊರಟವು. ಒಂದು ಜಿನ್ನಾರಿಗೆ, ಇನ್ನೊಂದು ಚರ್ಚಿಲ್‌ಗೆ. ಚರ್ಚಿಲ್‌ಗೆ ಬರೆದದ್ದು ಹೀಗೆ: ಬೆತ್ತಲೆ ಫಕೀರನನ್ನು ಹೊಸಕಿಹಾಕುವ ಆಸೆ ನಿಮಗಿದೆಯಂತೆ. ನಾನು ಬಹುಕಾಲದಿಂದ ಫಕೀರನಾಗಲು, ಅದೂ ಬೆತ್ತಲೆಯಾಗಲು, ಪ್ರಯತ್ನಿಸುತ್ತಿದ್ದೇನೆ, ಅದು ಇನ್ನೂ ಕಷ್ಟದ ಕೆಲಸ. ಹಾಗಾಗಿ ಇದನ್ನು ಹೊಗಳಿಕೆಯೆಂದೇ ತಿಳಿಯುತ್ತೇನೆ. ನನ್ನನ್ನು ನಂಬಿ, ಬಳಸಿಕೊಳ್ಳಿ. ಈ ಕಾಗದ ದಾರಿಯಲ್ಲಿ ತಪ್ಪಿ, ಸೆಪ್ಟೆಂಬರಿನಲ್ಲಿ ಮತ್ತೆ ಕಳಿಸಬೇಕಾಯಿತು. ಭೇಟಿಯಂತೂ ಆಗಲಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ, ಜೂನ್ 17ರಂದು, ವೈಸರಾಯ್ ವೇವೆಲ್‌ರನ್ನೂ ಸಮಯ ಕೇಳಿ ಇಲ್ಲ ಅನ್ನಿಸಿಕೊಂಡಿದ್ದರು.

ಜಿನ್ನಾರ ಕಾಗದಕ್ಕೆ ಹಿನ್ನೆಲೆ ಇದೆ. 1943ರ ಏಪ್ರಿಲ್‌ನಲ್ಲಿ ದೆಹಲಿಯ ಮುಸ್ಲಿಂ ಲೀಗ್ ಅಧಿವೇಶನದಲ್ಲಿ ಜಿನ್ನಾ ಸವಾಲು ಹಾಕಿದ್ದರು, ಗಾಂಧಿ ನೇರವಾಗಿ ನನಗೆ ಬರೆದರೆ ಆ ಪತ್ರ ತಡೆಯುವ ಧೈರ್ಯ ಸರ್ಕಾರಕ್ಕಿಲ್ಲ ಎಂದು. ಸೆರೆಯಲ್ಲಿದ್ದ ಗಾಂಧೀಜಿ ಮೇ 4ಕ್ಕೆ ಬರೆದೇಬಿಟ್ಟರು: ಕಾಗದದಲ್ಲಿ ಮಾತಾಡುವ ಬದಲು ಮುಖಾಮುಖಿ ಕೂರೋಣ. ಸರ್ಕಾರ ತಡೆದೇ ತಡೆಯಿತು. ಇದು ಲೀಗನ್ನು ಸರ್ಕಾರದ ಮೇಲೆ ಎತ್ತಿಕಟ್ಟುವ ಹೂಟ ಎಂದು ಜಿನ್ನಾ ಹೇಳಿಕೆ ಕೊಟ್ಟರು. ಬಿಡುಗಡೆಯಾದ ಮೇಲಿನ ಈ ಜುಲೈ ಕಾಗದ ಗುಜರಾತಿಯಲ್ಲಿದೆ, ಜೊತೆಗೆ ಉರ್ದು ಅನುವಾದ. ಭಾಯಿ ಜಿನ್ನಾ, ನಿಮಗೆ ಯಾವಾಗ ಬೇಕೋ ಆಗ ಕಾಣೋಣ, ನಿರಾಶೆ ಮಾಡಬೇಡಿ. ಜುಲೈ 24ಕ್ಕೆ ಶ್ರೀನಗರದ ದೋಣಿಮನೆಯಿಂದ ಜಿನ್ನಾ ಉತ್ತರಿಸಿದರು, ಇಂಗ್ಲಿಷಿನಲ್ಲಿ: ಆಗಸ್ಟ್ ನಡುವಿಗೆ ಮುಂಬಯಿಗೆ ಮರಳುತ್ತೇನೆ, ನನ್ನ ಮನೆಯಲ್ಲಿ ನಿಮ್ಮನ್ನು ಬರಮಾಡಿಕೊಳ್ಳಲು ಸಂತೋಷ.

ಕೇಳಿದವರು, ಸಹಿ, ಹೊರಟವರು: ಮೂರೂ ಈ ಎರಡು ಕಾಗದಗಳಲ್ಲೇ ಸಿಕ್ಕಿಬಿಡುತ್ತವೆ. ಜಿನ್ನಾ ಕಾರ್ಯದರ್ಶಿಯ ಕೈಯಲ್ಲಿ ಬರೆಸಲಿಲ್ಲ, ತಾವೇ ಬರೆದರು. ಜಾಗವನ್ನೂ ತಾವೇ ಹೇಳಿದರು. ಜಿನ್ನಾರ ಅನಾರೋಗ್ಯದಿಂದ ತಡವಾಗಿ ಸೆಪ್ಟೆಂಬರ್ 9ಕ್ಕೆ ಶುರುವಾಗಿ 27ಕ್ಕೆ ಮುಗಿದ ಮಾತುಕತೆಗೆ ಗಾಂಧೀಜಿಯೇ ಮಲಬಾರ್ ಹಿಲ್‌ನ ಮೌಂಟ್ ಪ್ಲೆಸೆಂಟ್ ರಸ್ತೆಯ ಆ ಮನೆಗೆ ಹೋಗುತ್ತಿದ್ದರು. ಅವರು ಇಳಿದುಕೊಂಡಿದ್ದ ಬಿರ್ಲಾ ಹೌಸ್ ಅದೇ ರಸ್ತೆಯಲ್ಲಿತ್ತು. ಇಷ್ಟು ಹತ್ತಿರದಲ್ಲಿದ್ದು, ದಿನವೂ ಕೂತು ಮಾತಾಡುತ್ತ, ಆ ದಿನಗಳಲ್ಲೂ ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದರು. ಕೋಣೆಯಲ್ಲಿ ಆಡಿದ್ದು ಸಾಲದೆ, ಅಥವಾ ಆಡಿದ್ದಕ್ಕೆ ಸಾಕ್ಷಿ ಬೇಕಾಗಿ. ಮಾತು ಮುರಿದಾಗ ಆ ಕಾಗದಗಳೆಲ್ಲ ಪತ್ರಿಕೆಗಳಿಗೆ ಹೋದವು. ಒಂದು ಭೇಟಿಯ ಒಳಗೇ ಪತ್ರವ್ಯವಹಾರ ನಡೆದ ಇಂಥ ಇನ್ನೊಂದು ಪ್ರಸಂಗ ನನ್ನ ಕಟ್ಟುಗಳಲ್ಲಿಲ್ಲ, ಅದಕ್ಕೆ ಹಾಳೆಯ ಹಿಂಬದಿಯನ್ನೂ ಬಳಸಬೇಕಾಯಿತು.

ಸದ್ಯಕ್ಕೆ ನಾನು 1909ಕ್ಕೆ ಬಂದಿದ್ದೇನೆ. ಗಾಂಧೀಜಿ ಮತ್ತೆ ಲಂಡನ್ನಿನಲ್ಲಿ, ಈ ಸಲ ಹಾಜಿ ಹಬೀಬ್ ಜೊತೆ, ವೆಸ್ಟ್‌ಮಿನ್‌ಸ್ಟರ್ ಪ್ಯಾಲೆಸ್ ಹೋಟೆಲಿನಲ್ಲಿ. ವಸಾಹತು ಸಚಿವರು ಲಾರ್ಡ್ ಕ್ರ್ಯೂ. ನಡುವೆ ನಿಂತವರು ಮದ್ರಾಸಿನ ಮಾಜಿ ಗವರ್ನರ್ ಲಾರ್ಡ್ ಆಂಪ್ತಿಲ್. ನಿಯೋಗ, ಸಭೆ, ಪತ್ರಿಕೆ ಯಾವುದೂ ಬೇಡ, ಸದ್ದಿಲ್ಲದೆ ನಾನು ಮಾತಾಡಿ ನೋಡುತ್ತೇನೆ ಎಂಬುದು ಆಂಪ್ತಿಲ್ ದಾರಿ. ಹಾಗಾಗಿ ಹೆಚ್ಚಿನ ಕಾಗದಗಳು ಗಾಂಧೀಜಿ, ಆಂಪ್ತಿಲ್ ಇವರಿಬ್ಬರ ನಡುವೆ ಓಡಾಡುತ್ತವೆ, ಕ್ರ್ಯೂ ಕಡೆಯದು ಹೆಚ್ಚಾಗಿ ಆಂಪ್ತಿಲ್ ಬಾಯಿಂದ ಬಂದದ್ದು. ಇಂಥ ಭೇಟಿಗೆ ಮೂರು ಕಲಮು ಸಾಲುವುದಿಲ್ಲ, ನಡುವಿನವರಿಗೊಂದು ನಾಲ್ಕನೆಯದನ್ನು ಗೆರೆ ಎಳೆದು ಸೇರಿಸಿದ್ದೇನೆ. ಹಳೆಯ ಹಾಳೆಗಳನ್ನೂ ಮತ್ತೆ ತೆಗೆದು ಸಪ್ರು, ಜಯಕರ್, ಗ್ರಿಫಿನ್ ಇವರನ್ನೆಲ್ಲ ಆ ಕಲಮಿಗೆ ತುಂಬುವ ಕೆಲಸ ಈಗ ನಡೆದಿದೆ.